ಚುಕ್ಕಿ ಮೇಷ್ಟ್ರ ಕಂಪ್ಯೂಟರ್

ಬ್ರೌಸರಿನ ಒಂದು ಪುಟದೊಳಗೆ ಇಡೀ ಕಂಪ್ಯೂಟರನ್ನೇ ಓಡಿಸಬಹುದು ಎಂದು ನಮ್ಮ ಪ್ರೆಸ್ಸಿನಲ್ಲಿ ಮೊದಲು ತೋರಿಸಿಕೊಟ್ಟವನು ನಾನು. ಅದಕ್ಕೆ ಎಲ್ಲರೂ ಬೆನ್ನು ತಟ್ಟಿದ್ದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನನ್ನ ಬಗ್ಗೆ ನಾನೇ ಒಳ್ಳೆಯ ಮಾತು ಹೇಳಿಕೊಳ್ಳಲು ಜಾಗ ಸಿಗುವುದಿಲ್ಲ.

ನಮ್ಮದು ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ತೆಳು ಕಾಗದ ಅಚ್ಚು ಹಾಕುವ ಪ್ರೆಸ್. ಎಷ್ಟು ಕುಡಿಸಬೇಕು, ಯಾರಿಗೆ ಕೊಡಬಾರದು, ಕೊಟ್ಟರೆ ಏನಾಗುತ್ತದೆ ಎಂದೆಲ್ಲ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿರುತ್ತದಲ್ಲ, ಜನ ಓದದೆ ಬಿಸಾಡುತ್ತಾರಲ್ಲ, ಅದೇ. ನಾವು ಅದನ್ನು ಚೀಟಿ ಎನ್ನುತ್ತೇವೆ. ಹಳೆಯ ಚೀಟಿಗಳೆಲ್ಲ ಓಬೀರಾಯನ ಕಾಲದ ಒಂದು ಪ್ರೋಗ್ರಾಮಿನಲ್ಲಿದ್ದವು. ಅದು ಹಳೆಯ ಆಪರೇಟಿಂಗ್ ಸಿಸ್ಟಮ್ ಬಿಟ್ಟು ಬೇರೆಲ್ಲೂ ತೆರೆಯುತ್ತಿರಲಿಲ್ಲ. ಆ ಸಿಸ್ಟಮ್ ಇದ್ದ ಒಂದೇ ಒಂದು ಕಂಪ್ಯೂಟರ್ ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಿಟ್ಟು ಸತ್ತಿತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ನಾನು ಆ ಸಿಸ್ಟಮ್ಮನ್ನು ಇದ್ದ ಹಾಗೆಯೇ ಬ್ರೌಸರಿನೊಳಗೆ ಎಬ್ಬಿಸಿದೆ. ಏನೂ ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಪುಟ ತೆರೆದರೆ ಅರ್ಧ ನಿಮಿಷದಲ್ಲಿ ಹಳೆಯ ಪರದೆ, ಹಳೆಯ ಗಂಟೆ ಸದ್ದು, ಹಳೆಯ ಪ್ರೋಗ್ರಾಮು, ಎಲ್ಲ ಹಾಜರು.

ಉಪಯೋಗಗಳು ಒಂದರ ಹಿಂದೆ ಒಂದು ಹೊಳೆದವು. ಅನುಮಾನ ಬರುವ ಮೇಲ್ ಬಂದರೆ ಅದರ ಫೈಲನ್ನು ಆ ಪುಟದೊಳಗೇ ತೆರೆಯುತ್ತಿದ್ದೆವು. ವೈರಸ್ ಇದ್ದರೆ ಅಲ್ಲೇ ಕುಣಿದು ಸಾಯಲಿ ಎಂದು. ಹೊಸದಾಗಿ ಸೇರಿದವರಿಗೆ ಅದರಲ್ಲೇ ತರಬೇತಿ. ಬೇಕಾದ್ದು ಅಳಿಸಿ, ಬೇಕಾದ್ದು ಕೆಡಿಸಿ, ಪುಟ ಮುಚ್ಚಿ ಮತ್ತೆ ತೆರೆದರೆ ಏನೂ ಆಗಿಯೇ ಇಲ್ಲ ಎಂಬಂತೆ ಮೊದಲಿನ ಹಾಗೇ ಕೂತಿರುತ್ತದೆ. ಕೆಲಸ ಉಳಿಯಬೇಕೆಂದರೆ ಆ ಹಳೆಯ ಪರದೆಯ ಹೊರಗೆ, ಬ್ರೌಸರಿನ ಅಂಚಿನಲ್ಲಿ, ಬೇರೆಯೇ ಒಂದು ಗುಂಡಿ ಒತ್ತಿ ಇಳಿಸಿಕೊಳ್ಳಬೇಕು. ಒಳಗೆ ಎಷ್ಟು ಸಲ 'ಸೇವ್' ಒತ್ತಿದರೂ ಅದು ನೀರಿನ ಮೇಲೆ ಬರೆದ ಹಾಗೆ. ಈ ಗುಣವೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ನಮ್ಮ ಪ್ರೆಸ್ಸಿನ ಮುಖ್ಯ ತಿದ್ದುಗಾರರು ನನ್ನ ಸೋದರಮಾವ. ಎಲ್ಲರೂ ಅವರನ್ನು ಚುಕ್ಕಿ ಮೇಷ್ಟ್ರು ಎನ್ನುತ್ತಿದ್ದರು, ಅವರ ಬೆನ್ನ ಹಿಂದೆ. ಅಂಕಿಯ ನಡುವಿನ ಚುಕ್ಕಿ ಕಂಡರೆ ಅವರಿಗೆ ಮೈಮೇಲೆ ಬಂದ ಹಾಗಾಗುತ್ತಿತ್ತು. ಯಾರಾದರೂ '.5' ಎಂದು ಬರೆದರೆ ಮುಗಿಯಿತು. "ಮುಂದೆ ಸೊನ್ನೆ ಹಾಕೋಕೆ ನಿಮ್ಮಪ್ಪನ ಗಂಟು ಹೋಗುತ್ತಾ? ಚುಕ್ಕಿ ಒಂದು ಮಸುಕಾದ್ರೆ ಅರ್ಧ ಇದ್ದಿದ್ದು ಐದಾಗುತ್ತೆ ಕಣೋ!" ಒಂದು ಚೀಟಿಯನ್ನು ಎರಡು ದಿನ ಹಿಡಿದುಕೊಂಡು, ಗಟ್ಟಿಯಾಗಿ ಓದಿ, ಕಂಪನಿಗೆ ಫೋನ್ ಮಾಡಿಸಿ, ಓಡುತ್ತಿರುವ ಮಷಿನ್ನನ್ನು ನಿಲ್ಲಿಸಿ, ಪ್ರಾಣ ತಿನ್ನುತ್ತಿದ್ದರು.

ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು ಅವರೇ. ಅಪ್ಪ ಇಲ್ಲದ ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರೂ ಅವರೇ. ಆ ಉಪಕಾರವನ್ನು ಅವರು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ಒಮ್ಮೆ ನಾನು ಒಂದು ಸಾಲು ಬಿಟ್ಟೆನೆಂದು ಇಡೀ ಪ್ರೆಸ್ಸಿನ ಎದುರು ನನ್ನನ್ನು ನಿಲ್ಲಿಸಿ, ಆ ಸಾಲನ್ನು ಹತ್ತು ಸಲ ಓದಿಸಿದರು. ನನಗಾಗ ಮೂವತ್ತೆಂಟು ವರ್ಷ. ತಲೆಯಲ್ಲಿ ಬಿಳಿಕೂದಲಿತ್ತು. ಮಷಿನ್ ಮ್ಯಾನ್ ಎಣ್ಣೆ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಏಳನೆಯ ಸಲ ಓದುವಾಗ ನನ್ನ ಹೊಟ್ಟೆಯಲ್ಲಿ ಹೊತ್ತಿದ ಬೆಂಕಿ ಆಮೇಲೆ ಆರಲೇ ಇಲ್ಲ.

ಒಂದು ದಿನ ಯಜಮಾನರು ನನ್ನನ್ನು ಒಳಗೆ ಕರೆದರು. ಅವರು ಒಳ್ಳೆಯವರು, ಅಂದರೆ ಕೆಟ್ಟ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವವರು.

"ನಿಮ್ಮ ಮಾವನ್ನ ಇಟ್ಕೊಂಡು ನಾನು ಪ್ರೆಸ್ ನಡೆಸೋ ಹಾಗಿಲ್ಲಪ್ಪ. ಹೋಗಿ ಅನ್ನೋ ಹಾಗೂ ಇಲ್ಲ. ಇರೋವರೆಗೂ ಇರ್ಲಿ ಅಂತ ನಮ್ಮಪ್ಪ ಮಾತು ಕೊಟ್ಟಿದ್ರು. ಕಂಪನಿಯವರೂ ಅಷ್ಟೇ, ರಿಜಿಸ್ಟರಲ್ಲಿ ಅವರ ಸಹಿ ಇಲ್ದೆ ಚೀಟಿ ತಗೊಳ್ಳಲ್ಲ."

"ಅಂದ್ರೆ ಸಹಿ ಬೇಕು, ಮನುಷ್ಯ ಬೇಡ."

"ಛೆ, ಹಾಗಂತ ನಾನೆಲ್ಲಿ ಹೇಳ್ದೆ?" ಎಂದು ಅವರು ಕನ್ನಡಕ ಒರೆಸಿದರು. "ಏನಾದ್ರೂ ಮಾಡು. ಅವರಿಗೆ ನೋವಾಗಬಾರದು, ಅಷ್ಟೇ."

ಸಹಿ ಮಾತ್ರ ಪಡೆಯುವುದು ಸುಲಭವಿರಲಿಲ್ಲ. ಓದದ ಚೀಟಿಗೆ ಮಾವ ಪ್ರಾಣ ಹೋದರೂ ಸಹಿ ಹಾಕುವವರಲ್ಲ. ಆದ್ದರಿಂದ ಅವರು ಓದಬೇಕು, ತಿದ್ದಬೇಕು, ಸಹಿಯನ್ನೂ ಹಾಕಬೇಕು, ಆದರೆ ಅವರ ತಿದ್ದುಪಡಿ ಯಾರಿಗೂ ಅಡ್ಡ ಬರಬಾರದು. ಅದಕ್ಕೆ ನನ್ನ ಹತ್ತಿರ ಹೇಳಿ ಮಾಡಿಸಿದಂಥ ಉಪಾಯವಿತ್ತು.

ಮೂಲೆಯ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇಟ್ಟೆ. ಬ್ರೌಸರಿನಲ್ಲಿ ಆ ಪುಟ ತೆರೆದು, ಅಂಚು ಕಾಣದ ಹಾಗೆ ಪರದೆ ತುಂಬ ಹಿಗ್ಗಿಸಿದೆ. ಹೊರಗಿನ ಗುಂಡಿ ಕಣ್ಮರೆಯಾಯಿತು. ಒಳಗೆ ಆ ದಿನದ ಚೀಟಿಯ ಒಂದು ನಕಲು. ನಿಜವಾದ ಚೀಟಿ ನನ್ನ ಬಳಿ. ಕಂಪನಿಯ ಮೂಲಪ್ರತಿಗೂ ನಮ್ಮ ಪುಟಕ್ಕೂ ಅಕ್ಷರ ಅಕ್ಷರ ಹೋಲಿಸಿ ನೋಡುವ ಹೊಸ ಪ್ರೋಗ್ರಾಮೊಂದು ನನ್ನಲ್ಲಿತ್ತು. ವ್ಯತ್ಯಾಸವಿಲ್ಲ ಎಂದು ಅದು ಎರಡು ನಿಮಿಷದಲ್ಲಿ ಹೇಳುತ್ತಿತ್ತು. ಮಾವ ಮೊದಲ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಚೀಟಿ ಮಷಿನ್ನಿನ ಮೇಲಿರುತ್ತಿತ್ತು. ಅಚ್ಚಾದ ಚೀಟಿ ಅವರ ಕಣ್ಣಿಗೆ ಬೀಳದ ಹಾಗೆ ಮಷಿನ್ ಮ್ಯಾನ್ ನೋಡಿಕೊಳ್ಳುತ್ತಿದ್ದ. ಸಂಜೆ ಅವರು ರಿಜಿಸ್ಟರಿಗೆ ಸಹಿ ಹಾಕಿ, ಚೀಲ ಹೆಗಲಿಗೇರಿಸಿ ಹೋದ ಮೇಲೆ ನಾನು ಪುಟ ಮುಚ್ಚುತ್ತಿದ್ದೆ. ಇಡೀ ದಿನ ಅವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಿದ್ದಿದ್ದೆಲ್ಲ ಆ ಒಂದು ಒತ್ತಿಗೆ ಇಲ್ಲವಾಗುತ್ತಿತ್ತು.

ಮೊದಲ ದಿನ ಹಳೆಯ ಗಂಟೆ ಸದ್ದು ಕೇಳಿ ಮಾವ ಕುರ್ಚಿಯಿಂದ ಅರ್ಧ ಎದ್ದರು.

"ಇದು ಸತ್ತೋಯ್ತು ಅಂದ್ರಲ್ಲೋ!"

"ರಿಪೇರಿ ಮಾಡಿಸ್ದೆ ಮಾವ. ನಿಮಗೆ ಹೊಸದು ಒಗ್ಗಲ್ಲ ಅಂತ."

ಅವರು ನನ್ನನ್ನೇ ನೋಡಿದರು. ಆಮೇಲೆ ಪ್ರೆಸ್ಸಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕರೆದು ತೋರಿಸಿದರು. "ನೋಡ್ರಪ್ಪಾ, ನನಗೋಸ್ಕರ ನಮ್ಮ ಅಳಿಯ ಮಾಡಿಸಿದಾನೆ. ನಾನು ಸುಮ್ನೆ ಅವನ ಮೇಲೆ ರೇಗಾಡ್ತಿದ್ದೆ." ಮಷಿನ್ ಮ್ಯಾನ್ ಒಬ್ಬನಿಗೆ ಒಳಗುಟ್ಟು ಗೊತ್ತಿತ್ತು. ಅವನು "ಹೌದು ಮೇಷ್ಟ್ರೇ, ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದು ಹೇಳಿ, ನನ್ನತ್ತ ಕಣ್ಣು ಹೊಡೆದು ಹೋದ.

ಐದು ತಿಂಗಳು ಹೀಗೆ ನಡೆಯಿತು. ಮಾವ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಮಷಿನ್ ನಿಲ್ಲುವುದು ತಪ್ಪಿತು, ಯಜಮಾನರ ಮುಖದಲ್ಲಿ ಕಳೆ ಬಂತು. ಮಧ್ಯಾಹ್ನ ಟೀ ಹೊತ್ತಿಗೆ ಮಷಿನ್ ಮ್ಯಾನ್ ಬೇಕೆಂದೇ ಮಾವನನ್ನು ಮಾತಿಗೆಳೆಯುತ್ತಿದ್ದ. "ಇವತ್ತೆಷ್ಟು ತಪ್ಪು ಹಿಡಿದ್ರಿ ಮೇಷ್ಟ್ರೇ?" ಅವರು ಬೆರಳು ಮಡಚಿ ಲೆಕ್ಕ ಹೇಳುತ್ತಿದ್ದರು. ನಾವಿಬ್ಬರೂ ಟೀ ಲೋಟದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು. ನನಗೆ ಖುಷಿಯಾಗುತ್ತಿತ್ತು. ಹತ್ತು ಸಲ ಓದಿಸಿದರಲ್ಲ, ಈಗ ನೂರು ದಿನ ಓದಲಿ.

ಒಂದು ದಿನ ಟೀಗೆ ಎದ್ದು ಬಂದವರ ಕಣ್ಣು ಹೊಳೆಯುತ್ತಿತ್ತು.

"ಅಳಿಯ, ಇವತ್ತು ಒಂದು ಹಿಡಿದೆ ನೋಡು, ದೊಡ್ಡದು. ಹಸುಗೂಸುಗಳಿಗೆ ಹಾಕೋ ಹನಿ ಔಷಧಿ. ಐದು ಮಿಲಿ ಅಂತಿದೆ. ಎಲ್ಲಾದ್ರೂ ಉಂಟಾ? ಮೂಲದಲ್ಲೇ ಯಾವನೋ '.5' ಅಂತ ಹೊಡೆಯೋಕೆ ಹೋಗಿ ಚುಕ್ಕಿ ಬಿಟ್ಟಿದಾನೆ. ನಾನು 0.5 ಮಾಡಿದೀನಿ. ಆದ್ರೂ ಕಂಪನಿಗೆ ಒಂದು ಫೋನ್ ಹಾಕಿ ಖಾತ್ರಿ ಮಾಡ್ಕೊಂಬಿಡು."

"ಆಯ್ತು ಮಾವ. ಸೇವ್ ಮಾಡಿದ್ರಾ?"

"ಎರಡು ಸಲ ಮಾಡ್ದೆ."

ಮಷಿನ್ ಮ್ಯಾನ್‌ಗೆ ಕೆಮ್ಮು ಬಂತು. ನನಗೂ ನಗು ತಡೆಯಲಾಗಲಿಲ್ಲ. ಅವರು ಎರಡು ಸಲ ಸೇವ್ ಮಾಡಿದ್ದಾರೆ! ಆ ನಗೆಯ ನಡುವೆ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇಲ್ಲ, ಇದೂ ಸುಳ್ಳು. ತಲೆಗೂ ಹೋಯಿತು. ನೋಡೋಣ ಎಂದುಕೊಂಡೆ. ನನ್ನ ಪ್ರೋಗ್ರಾಮು ವ್ಯತ್ಯಾಸವಿಲ್ಲ ಎಂದಿತ್ತಲ್ಲ, ಈ ಮುದುಕನ ಮಾತು ಕಟ್ಟಿಕೊಂಡು ಮತ್ತೆ ಮಷಿನ್ ನಿಲ್ಲಿಸುವುದೇ ಎಂದುಕೊಂಡೆ. ಮೂಲವೇ ತಪ್ಪಿದ್ದರೆ ನಕಲೂ ತಪ್ಪೇ, ಎರಡರಲ್ಲಿ ವ್ಯತ್ಯಾಸ ಎಲ್ಲಿಂದ ಬರಬೇಕು? ಇದು ಹೊಳೆಯಲು ಬುದ್ಧಿ ಬೇಕಿರಲಿಲ್ಲ, ಮನಸ್ಸು ಬೇಕಿತ್ತು. ಸಂಜೆ ಅವರು ಸಹಿ ಹಾಕಿದರು. ನಾನು ಪುಟ ಮುಚ್ಚಿದೆ.

ಮೂರು ವಾರದ ಮೇಲೆ ಕಂಪನಿಯಿಂದ ಫೋನ್ ಬಂತು. ಆ ಹನಿ ಔಷಧಿಯನ್ನು ಒಬ್ಬ ತಾಯಿ ಚೀಟಿ ಓದಿ ಐದು ಮಿಲಿ ಕುಡಿಸಿದ್ದಳು. ಯಾರೂ ಓದದ ಚೀಟಿಯನ್ನು ಆ ಪುಣ್ಯಾತ್ಗಿತ್ತಿ ಓದಿದ್ದಳು. ಮಗು ನಾಲ್ಕು ದಿನ ಆಸ್ಪತ್ರೆಯಲ್ಲಿತ್ತು, ಬದುಕಿತು. ಡಬ್ಬಿಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತರಿಸಿದರು.

ಮರುದಿನ ಬೆಳಿಗ್ಗೆ ಕಂಪನಿಯ ಮೇಲಧಿಕಾರಿಯೊಬ್ಬರು ಬಂದರು. ಗಟ್ಟಿ ಹೆಂಗಸು, ದನಿ ಏರಿಸದೆ ಮಾತಾಡುವವರು. ಯಜಮಾನರ ಕೋಣೆಯಲ್ಲಿ ರಿಜಿಸ್ಟರನ್ನು ತೆರೆದಿಟ್ಟಿದ್ದರು. ಮಾವನ ಸಹಿ ಅಲ್ಲಿ ಮುತ್ತಿನಂತೆ ಕೂತಿತ್ತು.

"ನಮ್ಮ ಮೂಲದಲ್ಲೂ ತಪ್ಪಿತ್ತು, ಒಪ್ಕೋತೀನಿ. ಅದನ್ನ ಹಿಡಿಯೋಕೆ ಅಂತಾನೇ ನಿಮಗೆ ಕೊಡೋದು. ಸಹಿ ನಿಮ್ಮದೇನಾ?" ಎಂದು ಕೇಳಿದರು.

"ನನ್ನದೇ. ಆದ್ರೆ ಅಮ್ಮಾ, ನಾನು ಅದನ್ನ ತಿದ್ದಿದೆ," ಎಂದರು ಮಾವ. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ, ಆಶ್ಚರ್ಯವಿತ್ತು. "ಮುಂದೆ ಸೊನ್ನೆ, ನಡುವೆ ಚುಕ್ಕಿ, ನಾನೇ ಹಾಕಿದೀನಿ. ಸೇವ್ ಮಾಡಿದೀನಿ. ಇವನಿಗೆ ಫೋನ್ ಮಾಡು ಅಂತಲೂ ಹೇಳಿದೀನಿ. ಅಳಿಯ, ಹೇಳೋ."

ಎಲ್ಲರೂ ನನ್ನ ಕಡೆ ತಿರುಗಿದರು. ಯಜಮಾನರು ಮಾತ್ರ ಕಿಟಕಿಯ ಕಡೆ ತಿರುಗಿದರು. ಬಾಗಿಲ ಬಳಿ ನಿಂತಿದ್ದ ಮಷಿನ್ ಮ್ಯಾನ್ ತನ್ನ ಚಪ್ಪಲಿ ನೋಡಿಕೊಂಡ. ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ಸುಳ್ಳು ಹೇಳಿದರೆ ಏನು ಹೋಗುತ್ತದೆಂದು ಆಗ ಯೋಚಿಸಲಿಲ್ಲ. ಮಾವ ನನ್ನನ್ನು ನೋಡುತ್ತಿದ್ದರು. ಸಾಕ್ಷಿ ತನ್ನ ಕಡೆಯದೇ ಎಂಬ ನೆಮ್ಮದಿ ಅವರ ಮುಖದಲ್ಲಿತ್ತು.

"ನನಗೇನೂ ಹೇಳಲಿಲ್ವಲ್ಲ ಮಾವ," ಎಂದೆ.

"ಟೀ ಕುಡಿಯುವಾಗ…"

"ಅವತ್ತು ಟೀಗೆ ನೀವು ಬರಲೇ ಇಲ್ಲ."

ಕೊನೆಯ ಮಾತು ಏಕೆ ಸೇರಿಸಿದೆನೋ ಇವತ್ತಿಗೂ ಗೊತ್ತಿಲ್ಲ. ಅದು ಬೇಕಿರಲಿಲ್ಲ. ಮೊದಲ ಸುಳ್ಳಿಗೇ ಕೆಲಸ ಆಗಿತ್ತು.

"ಕಂಪ್ಯೂಟರಲ್ಲಿ ಇರುತ್ತೆ," ಎಂದರು ಮಾವ. "ಬನ್ನಿ, ತೋರಿಸ್ತೀನಿ."

ಎಲ್ಲರೂ ಮೂಲೆಯ ಮೇಜಿಗೆ ಹೋದೆವು. ಹನಿ ಔಷಧಿಯ ಚೀಟಿಯಿದ್ದ ಪುಟವನ್ನು ನಾನೇ ತೆರೆದೆ. ಗಂಟೆ ಸದ್ದಾಯಿತು. ಮಾವ ಫೈಲ್ ತೆರೆದು, ಸಾಲಿಗೆ ನೇರವಾಗಿ ಹೋದರು. ಎಲ್ಲಿದೆಯೆಂದು ಅವರಿಗೆ ಚೆನ್ನಾಗಿ ನೆನಪಿತ್ತು. ಅಲ್ಲಿ '5' ಇತ್ತು. ಮುಂದೆ ಸೊನ್ನೆಯಿಲ್ಲ, ಚುಕ್ಕಿಯಿಲ್ಲ.

ಅವರು ಪರದೆಗೆ ಮೂಗು ತಾಗುವಷ್ಟು ಬಾಗಿದರು. ಷರ್ಟಿನ ಅಂಚಿನಿಂದ ಗಾಜನ್ನು ಒರೆಸಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಆ ಐದರ ಮುಂದಿನ ಖಾಲಿ ಜಾಗವನ್ನು ನೋಡಿದರು. ಧೂಳು ಅಡ್ಡ ಬಂದಿರಬಹುದೆಂಬಂತೆ ಮತ್ತೆ ಒರೆಸಿದರು. ಆ ಅಧಿಕಾರಿ ಹೆಂಗಸು ಮುಖ ಬೇರೆ ಕಡೆ ತಿರುಗಿಸಿದರು, ಅವರಿಗೂ ನೋಡಲಾಗಲಿಲ್ಲ. ನಾನು ನೋಡಿದೆ. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು.

ಬಹಳ ಹೊತ್ತಿನ ಮೇಲೆ ಮಾವ ಕುರ್ಚಿಯಲ್ಲಿ ಕೂತರು.

"ಇವನು ನನ್ನ ತಂಗಿ ಮಗ. ನಾನೇ ಬೆಳೆಸಿದೋನು," ಎಂದರು, ಆ ಹೆಂಗಸಿನ ಕಡೆ ನೋಡಿ. "ನನಗೋಸ್ಕರ ಈ ಕಂಪ್ಯೂಟರ್ ರಿಪೇರಿ ಮಾಡಿಸ್ಕೊಟ್ಟೋನು. ಇವನು ಸುಳ್ಳು ಹೇಳಲ್ಲ. ಹಾಗಾದ್ರೆ ನನಗೇ ತಲೆ ಕೆಟ್ಟಿದೆ. ಮಾಡದೇ ಇರೋದನ್ನ ಮಾಡಿದೀನಿ ಅಂದ್ಕೊಂಡಿದೀನಿ." ಆಮೇಲೆ ಕೇಳಿದರು: "ಮಗು ಹೇಗಿದೆ ಅಮ್ಮ?"

ವಯಸ್ಸಾದವರೆಂದು ಕಂಪನಿಯವರು ಕೇಸು ಹಾಕಲಿಲ್ಲ. ಯಜಮಾನರು ಅವರನ್ನು ಕಾರಿನಲ್ಲಿ ಮನೆಗೆ ಕಳಿಸಿಕೊಟ್ಟರು. ಅಪ್ಪ ಕೊಟ್ಟ ಮಾತೂ ಉಳಿಯಿತು, ಪ್ರೆಸ್ಸೂ ಉಳಿಯಿತು. ರಿಜಿಸ್ಟರಿನಲ್ಲಿ ಈಗ ನನ್ನ ಸಹಿ. ಮಷಿನ್ ಮ್ಯಾನ್ ಅಂದಿನಿಂದ ನನ್ನ ಜೊತೆ ಟೀ ಕುಡಿಯುವುದನ್ನು ಬಿಟ್ಟ. ತಾನೇನೋ ಸತ್ಯವಂತನ ಹಾಗೆ.

ನಾಲ್ಕು ತಿಂಗಳು ನಾನು ಮಾವನ ಮನೆಯ ಬೀದಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಭಾನುವಾರ ಅತ್ತೆ ಫೋನ್ ಮಾಡಿದರು. "ಒಂದ್ಸಲ ಬಂದು ಹೋಗಪ್ಪ. ನಿನ್ನನ್ನೇ ಕೇಳ್ತಿರ್ತಾರೆ." ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಹೇಳಿಬಿಡುವುದೆಂದು ನಿರ್ಧರಿಸಿದ್ದೆ. ನನ್ನಲ್ಲೂ ಒಂದು ಗುಲಗಂಜಿಯಷ್ಟು ನಾಚಿಕೆ ಉಳಿದಿತ್ತು.

ಬಾಗಿಲು ತೆರೆದ ಅತ್ತೆ ಅಲ್ಲೇ ಪಿಸುಗುಟ್ಟಿದರು. ಮಾವ ಒಲೆ ಆರಿಸಿದರೆ ಅತ್ತೆಯನ್ನು ಕರೆದು ಆರಿದೆಯಾ ಎಂದು ಕೇಳುತ್ತಾರಂತೆ. ಬೀಗ ಹಾಕಿದರೆ ಅತ್ತೆ ಎಳೆದು ನೋಡಬೇಕಂತೆ. ಊಟ ಮಾಡಿದೆನಾ ಎಂದು ತಟ್ಟೆ ತೋರಿಸಿ ಕೇಳುತ್ತಾರಂತೆ. "ಡಾಕ್ಟ್ರು ಎಲ್ಲ ಪರೀಕ್ಷೆ ಮಾಡಿದ್ರು. ತಲೇಲಿ ಏನೂ ಇಲ್ಲ, ನೆನಪು ಗಟ್ಟಿಯಾಗಿದೆ ಅಂದ್ರು. ಡಾಕ್ಟ್ರಿಗೇನು ಗೊತ್ತು ಅಂತಾರೆ ಇವರು."

ಮಾವ ಒಳಕೋಣೆಯಲ್ಲಿ ಕೂತಿದ್ದರು. ತೊಡೆಯ ಮೇಲೆ ಮಕ್ಕಳ ಸ್ಲೇಟು. ಅದರ ಮೇಲೆ ಬಳಪದಲ್ಲಿ ದಪ್ಪಗೆ 0.5 ಎಂದು ಬರೆದಿತ್ತು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಾ ಅಳಿಯ, ಸರಿಯಾದ ಹೊತ್ತಿಗೆ ಬಂದೆ. ಬೆಳಿಗ್ಗೆ ಬರೆದು ಬೀರುವಲ್ಲಿಟ್ಟು ಬೀಗ ಹಾಕಿದ್ದೆ. ಈಗ ತೆಗೆದೆ. ಚುಕ್ಕಿ ಇದೆಯಾ ನೋಡು. ನನ್ನ ಕಣ್ಣನ್ನ ನಾನು ನಂಬಲ್ಲ. ನಿನ್ನ ಕಣ್ಣನ್ನ ನಂಬ್ತೀನಿ."

"ಇದೆ ಮಾವ."

"ಮತ್ತೆ ಅವತ್ತಿಂದು ಎಲ್ಲಿಗೆ ಹೋಯ್ತು?"

ಆಗ ಹೇಳಿದೆ. ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ. ಕಂಪ್ಯೂಟರ್ ರಿಪೇರಿಯಾಗಿರಲಿಲ್ಲ, ಅದು ಬ್ರೌಸರಿನೊಳಗಿನ ಒಂದು ಪುಟ, ಸಂಜೆ ಮುಚ್ಚಿದರೆ ಒಳಗಿದ್ದದ್ದೆಲ್ಲ ಅಳಿದು ಹೋಗುತ್ತದೆ, ಬೇಕೆಂದೇ ಹಾಗೆ ಮಾಡಿದೆ, ಟೀ ಹೊತ್ತಿಗೆ ನೀವು ಹೇಳಿದ್ದು ನಿಜ, ಫೋನ್ ಮಾಡದೆ ಇದ್ದವನು ನಾನು, ಎಲ್ಲರೆದುರು ಸುಳ್ಳು ಹೇಳಿದವನೂ ನಾನು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಮೂವತ್ತು ವರ್ಷದಲ್ಲಿ ಅವರೆದುರು ನಾನು ಅತ್ತಿದ್ದು ಅದೇ ಮೊದಲು.

ಮಾವ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು ಸಣ್ಣಗೆ ನಕ್ಕರು.

"ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರಂತೆ! ಅದರೊಳಗೆ ಬರೆದಿದ್ದು ಬೆಳಗಾದ್ರೆ ಇರಲ್ವಂತೆ!" ಅತ್ತೆಯನ್ನು ಕರೆದು ಹೇಳಿದರು: "ನೋಡೇ, ನನ್ನ ಸಮಾಧಾನಕ್ಕೆ ಎಷ್ಟು ದೊಡ್ಡ ಕಥೆ ಕಟ್ಟಿಕೊಂಡು ಬಂದಿದಾನೆ. ನನ್ನ ತಪ್ಪನ್ನ ತನ್ನ ತಲೆಗೆ ಕಟ್ಕೊಳ್ತಿದಾನೆ. ಇವನು ಅಂಥೋನೇ, ಮೊದಲಿಂದ್ಲೂ."

"ನಿಜ ಮಾವ. ನಿಮ್ಮಾಣೆ."

"ಸಾಕು ಬಿಡೋ. ನನಗೋಸ್ಕರ ಸುಳ್ಳಾಣೆ ಹಾಕಬೇಡ." ಅವರು ಸ್ಲೇಟನ್ನು ನೋಡಿದರು. ಮುಖ ಸಣ್ಣದಾಯಿತು. "ಹಾಗಾದ್ರೆ ಚುಕ್ಕಿ ಇದೆ ಅಂದಿದ್ದೂ ಸಮಾಧಾನಕ್ಕೇನಾ?"

ನಾನು ಉತ್ತರ ಕೊಡುವುದರೊಳಗೆ ಅವರು ಅಂಗೈಯಿಂದ ಅದನ್ನು ಒರೆಸಿ, ಬಳಪ ತೆಗೆದುಕೊಂಡು, ಸೊನ್ನೆಯಿಂದ ಮತ್ತೆ ಬರೆಯಲು ಶುರುಮಾಡಿದರು.

ಅತ್ತೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ನಾನು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಹೇಳಿದರು, "ನೀನು ಹೇಳಿದ್ದು ನಿಜ ಅಂತ ನನಗೆ ಗೊತ್ತಾಯ್ತು. ನಿನ್ನ ಮುಖಕ್ಕೆ ಉಗೀಬೇಕು ಅನ್ನಿಸ್ತಿದೆ. ಏನ್ಮಾಡ್ಲಿ, ನೀನು ಬಂದ್ರೇನೇ ಅವರ ಮುಖ ಅರಳೋದು. ಇನ್ಮೇಲೆ ಆ ಮಾತು ಎತ್ತಬೇಡ. ಭಾನುವಾರ ಬಂದು ಚುಕ್ಕಿ ನೋಡಿ ಹೋಗು."

ಪ್ರತಿ ಭಾನುವಾರ ಹೋಗುತ್ತೇನೆ. ಮಾವ ಬೀರುವಿನ ಬೀಗ ತೆಗೆದು ಸ್ಲೇಟನ್ನು ನನ್ನ ಕೈಗೆ ಕೊಡುತ್ತಾರೆ. ಚುಕ್ಕಿ ಇರುತ್ತದೆ. ಇದೆ ಮಾವ ಎನ್ನುತ್ತೇನೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳ್ಳೆಯ ಹುಡುಗ ಎಂದು ಹೇಳಿ, ಅದನ್ನು ಒರೆಸಿಬಿಡುತ್ತಾರೆ.